ಕಾಲೇಜಿನ ಜೀವಶಾಸ್ತ್ರ: ಹೆಸರಿಗೆ ಹೆದರಬೇಕೆ?

ಹೈಸ್ಕೂಲಿನವರೆಗೆ ಕನ್ನಡದಲ್ಲಿಯೇ ಓದಿ ಪಿ.ಯು. ತರಗತಿಗೆ ಜೀವಶಾಸ್ತ್ರವನ್ನು ಆರಿಸಿಕೊಂಡ ಮಕ್ಕಳನ್ನು ಮೊದಲ ವಾರದಲ್ಲಿಯೇ ಕಂಗೆಡಿಸುವುದು ವಿಷಯವಲ್ಲ, ಹೆಸರುಗಳು. ಈ ಭಯಕ್ಕೇ ವಿಜ್ಞಾನವನ್ನು ಬಿಟ್ಟುಬಿಡುವ ಜಾಣರೂ ಉಂಟು. ಮಾವಿನ ಮರ ಅಲ್ಲಿ ‘ಮ್ಯಾಂಜಿಫೆರಾ ಇಂಡಿಕಾ’. ಉರುಹೊಡೆದವನು ಪರೀಕ್ಷೆಯವರೆಗೆ ನೆನಪಿಟ್ಟಾನು. ಬಿಡಿಸಿ ನೋಡಿದವನಿಗೆ ಅದೊಂದು ಸಮಾಸ. ಲ್ಯಾಟಿನ್ನಿನಲ್ಲಿ ‘ಫೆರಾ’ ಎಂದರೆ ಹೊರುವಂಥದು, ‘ಇಂಡಿಕಾ’ ಎಂದರೆ ಭಾರತದ್ದು. ‘ಮ್ಯಾಂಜಿ’ಯಾದರೋ, ತಮಿಳು ಮಲೆಯಾಳಗಳ ‘ಮಾಂಗಾ’ ಪೋರ್ಚುಗೀಸರ ಬಾಯಲ್ಲಿ ಯೂರೋಪಿಗೆ ಹೋಗಿ ತೊಟ್ಟ ವೇಷ. ನಮ್ಮ ಮಾವಿನಕಾಯಿಗೆ ದಾಯಾದಿ! ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಮರಗಳಿಗೆ ಈ ಜೋಡಿಹೆಸರಿನ ಪದ್ಧತಿಯನ್ನು ನೆಲೆಗೊಳಿಸಿದನು.

‘ಸೆಲ್’ ಎಂಬುದೂ ಹೀಗೆಯೇ. 1665ರಲ್ಲಿ ರಾಬರ್ಟ್ ಹುಕ್ ಬಿರಡೆಯ ಬೆಂಡಿನ ತೆಳುಹೋಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕಂಡ ಬರಿಗೂಡುಗಳನ್ನು ಸಣ್ಣ ಕೋಣೆಗಳೆಂದು ಕರೆದನು. ನಾವು ಕೋಶವೆನ್ನುತ್ತೇವೆ.

ಇನ್ನು ಪ್ರಯೋಗಶಾಲೆ. ಈರುಳ್ಳಿಯ ಒಳಪದರದ ಪೊರೆಯನ್ನು ಸುಲಿದು, ಅಯೋಡಿನ್ ತೊಟ್ಟಿಕ್ಕಿ ನೋಡಿದರೆ ಇಟ್ಟಿಗೆ ಗೋಡೆಯಂತೆ ಕೋಶಗಳ ಸಾಲು; ಒಂದೊಂದರಲ್ಲೂ ಕಂದುಬಣ್ಣದ ಚುಕ್ಕೆಯಾಗಿ ಕೋಶಕೇಂದ್ರ. ಕಂಡಷ್ಟನ್ನೇ ಪೆನ್ಸಿಲ್ಲಿನಲ್ಲಿ ಬರೆಯಬೇಕು. ಪಠ್ಯಪುಸ್ತಕದ ಚಿತ್ರವನ್ನು ನೋಡಿ ಹಸಿರು ಕಣಗಳನ್ನೂ ಸೇರಿಸುವವರುಂಟು. ಆ ಪೊರೆಯಲ್ಲಿ ಅವು ಇರುವುದೇ ಇಲ್ಲ; ಉಪಾಧ್ಯಾಯರಿಗೆ ನಕಲು ಕೂಡಲೇ ತಿಳಿದುಹೋಗುತ್ತದೆ.