ಮಳೆ ಬಂದೀತೇ?

ಬಿಡದಿಯ ಸುತ್ತಣ ಹೊಲಗಳಲ್ಲಿ ರಾಗಿ ಬಿತ್ತುವ ಕಾಲಕ್ಕೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: ಮಳೆ ಬಂದೀತೇ? ರೇಡಿಯೋದಲ್ಲಿ ಹವಾಮಾನದ ವರದಿ ಬರುತ್ತದೆ. ಗೋಡೆಯ ಮೊಳೆಯಲ್ಲಿ ಪಂಚಾಂಗವೂ ತೂಗುತ್ತಿರುತ್ತದೆ. ಎರಡನ್ನೂ ವಿಚಾರಿಸಿದ ಮೇಲೆ ಹಿರಿಯರು ಅಂಗಳಕ್ಕಿಳಿದು ಮುಗಿಲನ್ನೊಮ್ಮೆ ನೋಡದೆ ಇರರು. ಬಿತ್ತಿದ ಮೇಲೆ ಮಳೆ ಕೈಕೊಟ್ಟರೆ ಬೀಜ ಮಣ್ಣುಪಾಲು. ಕಾದು ಕುಳಿತರೆ ಹದ ಆರಿಹೋಗುತ್ತದೆ.

ಈ ಮುಗಿಲು ನೋಡುವ ವಿದ್ಯೆಯನ್ನು ಹೇಳುವ ಹಳೆಯ ಕನ್ನಡ ಗ್ರಂಥವೊಂದುಂಟು. ಅದರ ಹೆಸರು ‘ರಟ್ಟಮತ’. ಸುಮಾರು 1300ರಲ್ಲಿದ್ದ ಜೈನಕವಿ ರಟ್ಟನು ಮಳೆ, ಮಿಂಚು, ಭೂಕಂಪ, ಗ್ರಹಗತಿ, ಶಕುನಗಳನ್ನು ಇದರಲ್ಲಿ ವಿವರಿಸಿದ್ದಾನೆ. ಜ್ಯೋತಿಷವು ಇದಕ್ಕೂ ಮೊದಲೇ, 1049ರಲ್ಲಿ, ಶ್ರೀಧರಾಚಾರ್ಯನ ‘ಜಾತಕತಿಲಕ’ದ ಮೂಲಕ ಕನ್ನಡದಲ್ಲಿ ನೆಲೆಗೊಂಡಿತ್ತು. ಆದರೆ ಜಾತಕ ಒಬ್ಬನದು, ಮಳೆ ಊರಿನದು. ಅದಕ್ಕೇ ಇರಬೇಕು, 14ನೆಯ ಶತಮಾನದಲ್ಲಿ ಭಾಸ್ಕರನೆಂಬ ಕವಿ ‘ರಟ್ಟಮತ’ವನ್ನು ತೆಲುಗಿಗೆ ಮಾಡಿಕೊಂಡನು.

ಇದೇ ಪ್ರಶ್ನೆಯನ್ನು ಚೀನದ ಅರಸರು ಮೂರು ಸಾವಿರ ವರ್ಷಗಳಿಗೂ ಹಿಂದೆ ಬೇರೊಂದು ರೀತಿಯಲ್ಲಿ ಕೇಳುತ್ತಿದ್ದರು. ಆಮೆಯ ಚಿಪ್ಪಿಗೋ ಎತ್ತಿನ ಹೆಗಲೆಲುಬಿಗೋ ಕಾವು ಕೊಟ್ಟು, ಮೂಡಿದ ಬಿರುಕಿನಿಂದ ಫಲವನ್ನು ಓದುವುದು. ಕೇಳಿದ ಪ್ರಶ್ನೆಯನ್ನು ಅದರ ಮೇಲೆಯೇ ಕೊರೆಯುವುದು. ಮಳೆ ಬರುವುದೇ, ಬೆಳೆ ಆಗುವುದೇ ಎಂಬ ಪ್ರಶ್ನೆಗಳು ಅಲ್ಲಿ ಹೇರಳ. ಅನಂತರದ ಕಾಲದಲ್ಲಿ ‘ಈ ಜಿಂಗ್’ ಎಂಬ ಶಕುನಗ್ರಂಥ ರೂಪುಗೊಂಡಿತು. ಇಡಿಯ ಗೀಟು, ತುಂಡು ಗೀಟು ಸೇರಿ ಆರಾರು ಗೀಟಿನ 64 ಆಕೃತಿಗಳು. ಒಂದೊಂದಕ್ಕೂ ಚುಟುಕಾದ ಫಲವಾಕ್ಯ.

ಈ ಚುಟುಕು ಮಾತುಗಳೇ ಅನುವಾದಕರ ಪಾಲಿಗೆ ತೊಡಕಾದವು. ಮೊದಲ ವಾಕ್ಯದಲ್ಲೇ ‘ಜೆನ್’ ಎಂಬ ಪದ ಬರುತ್ತದೆ. ಪಂಡಿತರ ಟೀಕೆಗಳು ಅದನ್ನು ಒಂದು ಸದ್ಗುಣವೆಂದು ಬಗೆದಿದ್ದವು. ಆ ಜಾಡಿನಲ್ಲೇ ನಡೆದು, 1882ರಲ್ಲಿ ಇಂಗ್ಲಿಷಿಗೆ ತಂದ ಜೇಮ್ಸ್ ಲೆಗ್ ಅದಕ್ಕೆ ನೇರವೂ ದೃಢವೂ ಆದುದೆಂದು ಅರ್ಥ ಮಾಡಿದನು. 1924ರಲ್ಲಿ ಜರ್ಮನ್ ಭಾಷೆಗೆ ತಂದ ರಿಚರ್ಡ್ ವಿಲ್ಹೆಲ್ಮ್ ಪಟ್ಟುಬಿಡದ ನಿಷ್ಠೆ ಎಂದನು. ಆದರೆ 1899ರಲ್ಲಿ ವಿದ್ವಾಂಸರ ಗಮನಕ್ಕೆ ಬಂದ ಎಲುಬುಗಳ ಮೇಲೆ ಅದೇ ಪದ ಮತ್ತೆ ಮತ್ತೆ ಕಂಡಿತು. ಅಲ್ಲಿ ಅದಕ್ಕೆ ಶಕುನ ಕೇಳುವುದು ಎಂದಷ್ಟೇ ಅರ್ಥ! ಕೇಳುವವನ ಪ್ರಶ್ನೆ ಓದುವವನಿಗೆ ಉಪದೇಶವಾಗಿ ಹೋಗಿತ್ತು. ಲೆಗ್ಗನನ್ನು ಇದಕ್ಕಾಗಿ ಹಳಿಯುವುದು ನ್ಯಾಯವಲ್ಲ; ಎಲುಬುಗಳು ಬೆಳಕಿಗೆ ಬರುವ ಮೊದಲೇ, 1897ರಲ್ಲಿ, ಅವನು ತೀರಿಕೊಂಡಿದ್ದನು.

ನಮ್ಮ ಭಾಸ್ಕರನಿಗೆ ಇಂಥ ಕಷ್ಟ ಬಂದಿರಲಾರದೆಂದು ನನಗೆ ತೋರುತ್ತದೆ. ಕನ್ನಡದ ಒಕ್ಕಲಿಗನೂ ತೆಲುಗಿನ ರೈತನೂ ಕಾಯುವುದು ಅದೇ ಮುಂಗಾರನ್ನು, ಎಣಿಸುವುದು ಅವೇ ನಕ್ಷತ್ರಗಳ ಮಳೆಯನ್ನು. ಮಾತು ಬೇರೆಯಾದರೂ ತಲೆಯ ಮೇಲಿನ ಮುಗಿಲು ಬೇರೆಯಲ್ಲ.

ಚೀನದ ಆ ಎಲುಬುಗಳಲ್ಲಿ ಇನ್ನೊಂದು ಸಂಗತಿಯುಂಟು. ಕೆಲವದರ ಮೇಲೆ ಪ್ರಶ್ನೆ ಮತ್ತು ಫಲದ ಜೊತೆಗೆ, ಆ ದಿನ ಮಳೆ ನಿಜವಾಗಿ ಬಂದಿತೆಂಬುದನ್ನೂ ಕೊರೆದಿಟ್ಟಿದ್ದಾರೆ.