ಬೊಗಳುವ ನಾಯಿ, ಹಾಲು ಇಳಿಸದ ಹಸು

ಶಿಬಿರಗಳಲ್ಲಿ ಹಸುಗಳ ತಪಾಸಣೆ ಮುಗಿದ ಮೇಲೆ ಅಕ್ಕಂದಿರು ಸ್ವಲ್ಪ ಸಂಕೋಚದಿಂದಲೇ ಕೇಳುವ ಪ್ರಶ್ನೆ ಒಂದಿದೆ: “ಡಾಕ್ಟ್ರೇ, ನಮ್ಮ ನಾಯಿ ಹಗಲೂ ರಾತ್ರಿ ಬೊಗಳುತ್ತೆ. ಪಕ್ಕದ ಮನೆಯವರು ಜಗಳಕ್ಕೆ ಬರ್ತಾರೆ. ಏನಾದರೂ ಔಷಧಿ ಇದೆಯಾ?” ಬೋಗಾದಿ, ಹಿನಕಲ್, ರಮ್ಮನಹಳ್ಳಿಯಂಥ ಕಡೆ ಕೊಟ್ಟಿಗೆಯ ಗೋಡೆಯವರೆಗೂ ಬಡಾವಣೆಗಳು ಬಂದಿವೆ, ಹಾಗಾಗಿ ಜಗಳವೂ ಸಹಜ. ಬೊಗಳುವುದನ್ನು ಬಿಡಿಸುವ ಔಷಧಿ ನನ್ನ ಬಳಿ ಇಲ್ಲ. ನಿದ್ದೆ ಮಾತ್ರೆ ಕೊಡುವ ಸಾಹಸವನ್ನಂತೂ ಮಾಡಬೇಡಿ. ನಾಯಿ ಏಕೆ ಬೊಗಳುತ್ತಿದೆ ಎಂದು ತಿಳಿದರೆ ಅರ್ಧ ಕೆಲಸ ಮುಗಿದಂತೆ.

ಪಕ್ಕದ ಮನೆಯವರಿಗಿಂತ ಮೊದಲು ನಷ್ಟವಾಗುವುದು ನಿಮಗೇ. ಕೆಚ್ಚಲು ತೊಳೆದು ಒರೆಸಿದಾಗ ಹಸುವಿನ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ಹಾರ್ಮೋನು ರಕ್ತಕ್ಕೆ ಸೇರಿ, ಒಂದು ನಿಮಿಷದಷ್ಟರಲ್ಲಿ ಹಾಲು ಇಳಿಯತೊಡಗುತ್ತದೆ. ಅದರ ಪ್ರಭಾವ ಇರುವುದು ಸುಮಾರು 5ರಿಂದ 8 ನಿಮಿಷ. ಆ ಹೊತ್ತಿನಲ್ಲಿ ಕಾಲ ಬಳಿ ನಾಯಿ ಬೊಗಳಿ ಹಸು ಬೆದರಿದರೆ, ಅಡ್ರಿನಲಿನ್ ಎಂಬ ಇನ್ನೊಂದು ಹಾರ್ಮೋನು ಅಡ್ಡ ಬರುತ್ತದೆ. ಹಸು ಹಾಲನ್ನು ಏರಿಸಿಕೊಂಡುಬಿಡುತ್ತದೆ. ಕೊನೆಯಲ್ಲಿ ಬರುವ ಹಾಲಿನಲ್ಲೇ ಜಿಡ್ಡು ಹೆಚ್ಚು. ಅದು ಕೆಚ್ಚಲಲ್ಲೇ ಉಳಿದರೆ ಡೇರಿಯಲ್ಲಿ ಅಳತೆಯೂ ಕಡಿಮೆ, ಫ್ಯಾಟೂ ಕಡಿಮೆ. ಕೆಚ್ಚಲು ಬಾವಿನ ರೋಗಾಣುಗಳಿಗೂ ಅನುಕೂಲ. ಮನೆ ನಾಯಿಗೆ ಒಗ್ಗಿದ ಹಳೇ ಹಸು ಅಷ್ಟಾಗಿ ಲೆಕ್ಕಿಸುವುದಿಲ್ಲ. ಮೊದಲ ಸಲ ಕರು ಹಾಕಿದ್ದು, ಹೊಸದಾಗಿ ಕೊಂಡು ತಂದದ್ದು ಬೆದರುತ್ತವೆ. ಹಾಲು ಕರೆಯುವಾಗ ನಾಯಿ ಕೊಟ್ಟಿಗೆಯ ಹತ್ತಿರ ಇರದಂತೆ ನೋಡಿಕೊಳ್ಳಿ.

ಇನ್ನು ಕಾರಣಕ್ಕೆ ಬರೋಣ. ನಾನು ನೋಡಿರುವ ಇಂಥ ನಾಯಿಗಳಲ್ಲಿ ಹೆಚ್ಚಿನವು ಗೇಟಿನ ಎದುರು, ಮೂರಡಿ ಸರಪಳಿಯಲ್ಲಿ ದಿನವಿಡೀ ಕಟ್ಟಿಹಾಕಿದವು. ಹೋಗುವ ಬೈಕು, ಬೀದಿ ನಾಯಿ, ಶಾಲೆ ಮಕ್ಕಳು ಎಲ್ಲ ಕಾಣುತ್ತಾರೆ. ಹತ್ತಿರ ಹೋಗಿ ಮೂಸಿ ನೋಡಲು ಆಗುವುದಿಲ್ಲ. ನಾಯಿ ಬೊಗಳುತ್ತದೆ, ದಾರಿಹೋಕ ತನ್ನ ಪಾಡಿಗೆ ಮುಂದೆ ಹೋಗುತ್ತಾನೆ. ತಾನೇ ಓಡಿಸಿದೆ ಎಂದು ನಾಯಿ ತಿಳಿಯುತ್ತದೆ. ದಿನಕ್ಕೆ ನೂರು ಸಲ ಹೀಗೆ ಗೆದ್ದ ನಾಯಿ ಬೊಗಳುವುದನ್ನು ಬಿಡುವುದಾದರೂ ಏಕೆ? ನಾಯಿಯನ್ನು ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಕಟ್ಟಿಹಾಕುವುದು, ಸದಾ ಕಟ್ಟಿದ ನಾಯಿಯನ್ನು ಓಡಾಡಿಸದೆ ಇರುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 11ನೇ ಕಲಮಿನಂತೆ ಅಪರಾಧವೂ ಹೌದು.

ಮೊದಲು ರಸ್ತೆ ಕಾಣದ ಕಡೆಗೆ, ನೆರಳು ನೀರು ಇರುವಲ್ಲಿಗೆ ಜಾಗ ಬದಲಿಸಿ. ಎರಡು ಕಂಬಗಳ ನಡುವೆ ತಂತಿ ಎಳೆದು, ಅದರಲ್ಲಿ ಜಾರುವ ಬಳೆಗೆ ಸರಪಳಿ ಸಿಕ್ಕಿಸಿದರೆ ನಾಯಿ ಅತ್ತಿಂದಿತ್ತ ಓಡಾಡಬಹುದು. ಬೆಳಿಗ್ಗೆ ಸಂಜೆ ಅರ್ಧರ್ಧ ಗಂಟೆ ಹಗ್ಗ ಹಿಡಿದು ಸುತ್ತಾಡಿಸಿ. ನಿಮಗೆ ಪುರುಸೊತ್ತು ಎಲ್ಲಿದೆ ಎಂಬುದು ಗೊತ್ತು. ಈ ಕೆಲಸ ಮನೆಯ ಗಂಡಸರಿಗೂ ಬರುತ್ತದೆ.

ಬೊಗಳುವಾಗ ಕೂಗಿ ಗದರಬೇಡಿ. ಯಜಮಾನಿಯೂ ಜೊತೆಗೆ ಬೊಗಳುತ್ತಿದ್ದಾಳೆ ಎಂದೇ ಅದು ಹುರುಪುಗೊಳ್ಳುತ್ತದೆ. ಕಲ್ಲು ಕೋಲು ಹಿಡಿದರೆ ಭಯ ಹೆಚ್ಚಿ, ಬೊಗಳುವ ನಾಯಿ ಕಚ್ಚುವ ನಾಯಿಯಾಗುತ್ತದೆ. ಬಾಯಿ ಮುಚ್ಚಿಸಲೆಂದು ಅನ್ನ ಹಾಕುವುದು ಇನ್ನೂ ದೊಡ್ಡ ತಪ್ಪು, ಬೊಗಳಿದರೆ ಊಟ ಎಂದು ಕಲಿಸಿದಂತೆ. “ಸಾಕು” ಎಂದು ಮೆಲುದನಿಯಲ್ಲಿ ಒಂದೇ ಸಲ ಹೇಳಿ. ಉಸಿರೆಳೆಯಲು ನಿಲ್ಲಿಸಿದ ಗಳಿಗೆಯಲ್ಲೇ ಮುದ್ದೆಯ ಒಂದು ಚೂರು ಕೊಡಿ. ಮರುದಿನ ಮೂರು ಎಣಿಸುವಷ್ಟು ಸುಮ್ಮನಿದ್ದರೆ ಕೊಡಿ, ಆಮೇಲೆ ಹತ್ತು. ವಾರಗಳು ಬೇಕು, ಮತ್ತು ಮನೆಯವರೆಲ್ಲ ಒಂದೇ ಮಾತು ಬಳಸಬೇಕು. ದಸರೆಯ ಕುಶಾಲತೋಪು, ದೀಪಾವಳಿಯ ಪಟಾಕಿಗೆ ಹೆದರಿ ಬೊಗಳುವ ನಾಯಿಗೆ ಈ ಪಾಠ ನಡೆಯದು. ಅಂದು ಒಳಗೆ ಕರೆದುಕೊಳ್ಳಿ, ಅಷ್ಟೇ.

ಪೂರ್ತಿ ಮೂಕ ನಾಯಿ ನಿಮಗೆ ಬೇಕಾಗಿಲ್ಲ. ತಿ. ನರಸೀಪುರ ತಾಲ್ಲೂಕಿನಲ್ಲಿ 2022-23ರಲ್ಲಿ ಚಿರತೆಗೆ ಜನ ಬಲಿಯಾದದ್ದು ನೆನಪಿರಬಹುದು. 2024ರ ಡಿಸೆಂಬರ್ 31ರಂದು ನಗರದ ಹೆಬ್ಬಾಳದ ಇನ್ಫೋಸಿಸ್ ಆವರಣಕ್ಕೇ ಚಿರತೆ ಬಂದಿತ್ತು. ಹೊತ್ತಿಲ್ಲದ ಹೊತ್ತಿನಲ್ಲಿ ಬೊಗಳದ ನಾಯಿ, ರಾತ್ರಿ ಹಿಂದೆ ಹಿಂದೆ ಸರಿಯುತ್ತ ಬೊಗಳಿದರೆ ಅದಕ್ಕೆ ಬೆಲೆ ಕೊಡಿ. ಒಬ್ಬರೇ ಹೊರಗೆ ಹೋಗದೆ ದೀಪ ಹಾಕಿ, ಅಕ್ಕಪಕ್ಕದವರನ್ನು ಕೂಗಿ. ಚಿರತೆಗೆ ನಾಯಿ ಸುಲಭದ ಬೇಟೆ. ಬಯಲಲ್ಲಿ ಕಟ್ಟಿದ ನಾಯಿಯ ವಾಸನೆಗೆ ಬಂದದ್ದು ಕರುವಿಗೂ ಕೈ ಹಾಕೀತು. ರಾತ್ರಿ ಎರಡನ್ನೂ ಬಾಗಿಲಿರುವ ಕಡೆ ಕೂಡಿ.

ಇದ್ದಕ್ಕಿದ್ದಂತೆ ನಾಯಿಯ ದನಿಯೇ ಬದಲಾದರೆ ಮಾತ್ರ ಪಾಠ ಹೇಳುತ್ತ ಕೂರಬೇಡಿ. ಗೊಗ್ಗರು ದನಿ, ಎಳೆದೆಳೆದು ಊಳಿಡುವುದು, ಜೋತುಬಿದ್ದ ಕೆಳದವಡೆ, ಜೊಲ್ಲು ರೇಬೀಸ್‌ನ ಲಕ್ಷಣಗಳು. ಹತ್ತಿರ ಹೋಗದೆ ಪಶು ಆಸ್ಪತ್ರೆಗೆ ತಿಳಿಸಿ. ಕಚ್ಚಿದ್ದರೆ ಗಾಯವನ್ನು ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ಅಂಥ ನಾಯಿ ಕಚ್ಚಿದ ಹಸುವೂ ದನಿ ಕೆಟ್ಟು ಒಂದೇ ಸಮ ಅರಚುತ್ತದೆ, ಜೊಲ್ಲು ಸುರಿಸುತ್ತದೆ. ಗಂಟಲಲ್ಲಿ ಏನೋ ಸಿಕ್ಕಿಕೊಂಡಿದೆ ಎಂದು ಬಾಯೊಳಗೆ ಕೈ ಹಾಕಲೇಬೇಡಿ. ಅದರ ಹಾಲನ್ನು ಕುಡಿಯಬೇಡಿ, ಡೇರಿಗೂ ಹಾಕಬೇಡಿ. 1962ಕ್ಕೆ ಫೋನ್ ಮಾಡಿ. ನಾಯಿಮರಿಗೆ ಮೂರು ತಿಂಗಳಿಗೆ ಮೊದಲ ರೇಬೀಸ್ ಲಸಿಕೆ, ಆಮೇಲೆ ವೈದ್ಯರು ಹೇಳಿದ ದಿನ ಇನ್ನೊಂದು, ಅನಂತರ ಪ್ರತಿ ವರ್ಷ. ಹಸುವಿನ ಲಸಿಕೆಗೆ ಬಂದ ದಿನ ನಾಯಿಯನ್ನೂ ಕರೆತನ್ನಿ.