ಕಮಲಾಪುರದ ಕೆಂಪು ಬಾಳೆ, ಬೇಸಿಗೆಯ ಶೀಕರಣಿ

ಏಪ್ರಿಲ್ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಒಲೆ ಹಚ್ಚುವುದೆಂದರೆ ಶಿಕ್ಷೆಯೇ ಸರಿ. ಹೊರಗೆ ನಲವತ್ತೆರಡು ಡಿಗ್ರಿ ಬಿಸಿಲು. ಜೇವರ್ಗಿ ಕಾಲೋನಿಯ ನಮ್ಮ ಮನೆಯ ತಾರಸಿ ಕಾದು ಅಡುಗೆಮನೆಯೇ ಒಲೆಯಾಗಿರುತ್ತದೆ. ಅಂಥ ಹೊತ್ತಿನಲ್ಲಿ ಮಕ್ಕಳು ಸಿಹಿ ಕೇಳಿದರೆ ನಮ್ಮವ್ವನ ಬಳಿ ಇದ್ದ ಉತ್ತರ ಒಂದೇ: ಶೀಕರಣಿ. ಬೆಳಿಗ್ಗೆ ಕಾಯಿಸಿ ಇಟ್ಟ ಹಾಲು, ನಾಲ್ಕು ಬಾಳೆಹಣ್ಣು, ಒಂದಿಷ್ಟು ಬೆಲ್ಲ. ಮುಗಿಯಿತು.

ಶೀಕರಣಿ ಎಂದೊಡನೆ ಹಲವರಿಗೆ ನೆನಪಾಗುವುದು ಬಸವ ಜಯಂತಿಯ ದಿನ ಹೋಳಿಗೆಯೊಂದಿಗೆ ಬಡಿಸುವ ಮಾವಿನ ಹಣ್ಣಿನದು. ಆದರೆ ಮಾವು ಪೇಟೆಗೆ ಬಂದು ಅಗ್ಗವಾಗುವವರೆಗಿನ ವಾರಗಳನ್ನು ತುಂಬುವುದು ಬಾಳೆಹಣ್ಣು. ಅದರಲ್ಲೂ ಹುಮನಾಬಾದ್ ರಸ್ತೆಯಲ್ಲಿ ಸುಮಾರು 35 ಕಿಲೋಮೀಟರ್ ದೂರದ ಕಮಲಾಪುರದಿಂದ ಬರುವ ಕೆಂಪು ಬಾಳೆ.

ಈ ಹಣ್ಣನ್ನು ಕೊಳ್ಳುವಲ್ಲೇ ಅನೇಕರು ಎಡವುತ್ತಾರೆ. ಬೇರೆ ಬಾಳೆ ಹಸಿರಿನಿಂದ ಹಳದಿಗೆ ತಿರುಗಿ ತಾನು ಹಣ್ಣಾದೆನೆಂದು ಹೇಳುತ್ತದೆ. ಇದು ಕಾಯಿದ್ದಾಗಲೂ ಕೆಂಪೇ. ಬಣ್ಣ ನೋಡಿ ಸುಲಿದವರ ಬಾಯಿ ಒಗರಾಗುತ್ತದೆ, ‘ಇದಕ್ಕೇ ಇಷ್ಟು ದುಡ್ಡೇ’ ಎಂದು ಗೊಣಗುತ್ತಾರೆ. ಬೆರಳಿನಿಂದ ಮೆಲ್ಲಗೆ ಒತ್ತಿದರೆ ಮೆತ್ತಗಿರಬೇಕು, ಸಿಪ್ಪೆಯ ಮೇಲೆ ಸಣ್ಣ ಕಪ್ಪು ಚುಕ್ಕೆ ಕಾಣಬೇಕು. ಆಗ ಒಳಗಿನ ಪಿಷ್ಟವೆಲ್ಲ ಸಕ್ಕರೆಯಾಗಿ, ಕೆನೆಬಣ್ಣದ ತಿರುಳು ತಾನಾಗಿ ಪರಿಮಳ ಬಿಡುತ್ತದೆ.

ಮೂರು ಹಣ್ಣಿಗೆ ಕಾಲು ಲೀಟರ್ ಗಟ್ಟಿ ಹಾಲು ಸಾಕು. ಹಾಲು ಕಾಯಿಸಿ ಪೂರ್ತಿ ಆರಿಸಿರಬೇಕು. ಎರಡು ಚಮಚ ಬೆಲ್ಲದ ಪುಡಿ, ಮೂರು ಯಾಲಕ್ಕಿ ಕುಟ್ಟಿದ್ದು, ಇದ್ದರೆ ಒಂದು ಚಿಟಿಕೆ ಜಾಜಿಕಾಯಿ. ಬೆಲ್ಲವನ್ನು ಮೊದಲು ಹಾಲಿನಲ್ಲಿ ಕರಗಿಸಿ, ಹಣ್ಣನ್ನು ಕೊನೆಗೆ ಸುಲಿದು ಕೈಯಿಂದಲೇ ಕಿವುಚಿ ಬೆರೆಸಬೇಕು. ಮಿಕ್ಸಿ ಬೇಡ. ಬಾಳೆಯ ತಿರುಳಿಗೆ ಗಾಳಿ ತಾಗಿದರೆ ಅದರಲ್ಲಿರುವ ಕಿಣ್ವವೊಂದು ಕೆಲಸ ಮಾಡಿ ಹಣ್ಣು ಕಪ್ಪಿಡುತ್ತದೆ; ಮಿಕ್ಸಿ ತಿರುಗಿಸಿದಷ್ಟೂ ಗಾಳಿ ಹೆಚ್ಚು. ಮಾಡಿದ್ದನ್ನು ಒಂದು ಗಂಟೆಯೊಳಗೆ ಉಂಡುಬಿಡುವುದು ಲೇಸು.

‘ಹಾಲು ಆರಲಿ ತಡಿಯೋ, ಅವಸರ ಮಾಡಬ್ಯಾಡ’ ಎಂದು ಅವ್ವ ಅಂದದ್ದನ್ನು ಕೇಳದೆ ಒಮ್ಮೆ ನಾನು ಬೆಚ್ಚನೆಯ ಹಾಲಿಗೆ ಹುಳಿಮಾವಿನ ರಸ ಸುರಿದೆ. ಕಣ್ಣೆದುರೇ ಒಡೆಯಿತು. ಹುಳಿ ಒಂದು ಮಟ್ಟ ದಾಟಿದರೆ ಹಾಲಿನ ಕೇಸಿನ್ ಎಂಬ ಪ್ರೋಟೀನು ಗಂಟುಗಟ್ಟುತ್ತದೆ, ಹಾಲು ಬಿಸಿಯಿದ್ದರೆ ಇನ್ನೂ ಬೇಗ. ಬಾಳೆಹಣ್ಣಿನ ಹುಳಿ ತೀರಾ ಕಡಿಮೆಯಾದ್ದರಿಂದ ಹೊಸಬರ ಕೈಗೂ ಅದು ಒಗ್ಗುತ್ತದೆ.

ಸಂಸ್ಕೃತದ ಶಿಖರಿಣಿಯೇ ನಮ್ಮ ಬಾಯಲ್ಲಿ ಶೀಕರಣಿಯಾದದ್ದು. ಕಾವ್ಯ ಓದಿದವರಿಗೆ ಹದಿನೇಳು ಅಕ್ಷರದ ಶಿಖರಿಣಿ ವೃತ್ತ ನೆನಪಾಗಬಹುದು. ಅಡುಗೆಯ ಶಿಖರಿಣಿ ಬೇರೆ. ಅದರಲ್ಲಿ ಹಣ್ಣು ಮುಖ್ಯವಾಗಿರಲಿಲ್ಲ. ಬಟ್ಟೆಯಲ್ಲಿ ಸೋಸಿದ ಮೊಸರು, ಸಕ್ಕರೆ, ಸುಗಂಧದ್ರವ್ಯ ಕೂಡಿದ ಪದಾರ್ಥ ಅದು, ಇಂದಿನ ಶ್ರೀಖಂಡದ ಪೂರ್ವಜ. ಕಲ್ಯಾಣದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅದನ್ನು ಮಾಡುವ ಬಗೆ ಇದೆ. ಹದಿನಾರನೇ ಶತಮಾನದಲ್ಲಿ ಮೂರನೇ ಮಂಗರಸ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ದಲ್ಲೂ ಶಿಖರಿಣಿ ಬರುತ್ತದೆ. ಸೋಮೇಶ್ವರನ ರಾಜಧಾನಿ ಇಂದಿನ ಬಸವಕಲ್ಯಾಣ. ಕಮಲಾಪುರ ದಾಟಿ, ಹುಮನಾಬಾದಿಗೆ ಹೋಗಿ ಪಶ್ಚಿಮಕ್ಕೆ ಹೊರಳಿದರೆ ಸಿಗುತ್ತದೆ. ಅರಮನೆಯ ಮೊಸರಿನ ಜಾಗಕ್ಕೆ ಹಾಲು ಹಣ್ಣು ಬಂದವು, ಹೆಸರು ಮಾತ್ರ ಉಳಿಯಿತು. ಮರಾಠಿಯ ಮನೆಗಳಲ್ಲೂ ಹಾಲು–ಬಾಳೆಹಣ್ಣಿಗೆ ‘ಶಿಕ್ರಣ’ ಎಂದೇ ಹೆಸರು. ಹಾಲು ಬಾಳೆಹಣ್ಣು ಸೇರಿದರೆ ವಿರುದ್ಧಾಹಾರ ಎಂದು ಆಯುರ್ವೇದ ಎಚ್ಚರಿಸಿದೆ. ನಮ್ಮ ಮನೆಗಳು ಆ ಮಾತಿಗೆ ಅಷ್ಟಾಗಿ ಕಿವಿಗೊಟ್ಟಂತಿಲ್ಲ.

ಚಿಂತೆ ಇರುವುದು ಹಣ್ಣಿನದು. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ, ಅಂದರೆ ಬೇರೆಡೆ ಬೆಳೆದದ್ದನ್ನು ಆ ಹೆಸರಿನಲ್ಲಿ ಮಾರುವಂತಿಲ್ಲ. ಆದರೆ ಹೆಸರಿಗೆ ರಕ್ಷಣೆ ಸಿಕ್ಕ ಮಾತ್ರಕ್ಕೆ ತೋಟಕ್ಕೆ ನೀರು ಬರುವುದಿಲ್ಲವಲ್ಲ! ಸಾಮಾನ್ಯ ಬಾಳೆ ವರ್ಷದಲ್ಲಿ ಗೊನೆ ಕೊಟ್ಟರೆ ಇದಕ್ಕೆ ಹತ್ತಿರ ಹತ್ತಿರ ಒಂದೂವರೆ ವರ್ಷ ಬೇಕು. ಬಾವಿ ಬತ್ತುವ ಸೀಮೆಯಲ್ಲಿ ಆರು ತಿಂಗಳು ಹೆಚ್ಚಿಗೆ ನೀರುಣಿಸಿ ಕಾಯುವ ರೈತನಿಗೆ, ಹಣ್ಣು ದುಬಾರಿ ಎಂದು ನಾವು ಪೇಟೆಯಲ್ಲಿ ಮಾಡುವ ಚೌಕಾಸಿ ಹೇಗೆ ಕೇಳಿಸೀತು? ಬೇಗ ಕೈಗೆ ಬರುವ ಬೆಳೆಯತ್ತ ಅವನು ಹೊರಳಿದರೆ ತಪ್ಪೆನ್ನಲಾಗದು.

ಕೆಂಪು ಬಾಳೆ ಸಿಗದ ದಿನ ನಮ್ಮ ಮನೆಯಲ್ಲಿ ಯಾಲಕ್ಕಿ ಬಾಳೆಯಿಂದಲೇ ಶೀಕರಣಿ ಆಗುತ್ತದೆ. ಹಣ್ಣು ಚಿಕ್ಕದಾದ್ದರಿಂದ ಮೂರರ ಬದಲು ಎಂಟು ಬೇಕು, ಬೆಲ್ಲ ಒಂದೇ ಚಮಚ. ಜೊತೆಗೆ ಬಿಸಿ ಚಪಾತಿ ಇದ್ದರೆ ಚೆನ್ನ. ಆದರೆ ಅದಕ್ಕೆ ಒಲೆ ಹಚ್ಚಬೇಕಾಗುತ್ತದೆ.